ವಿಶ್ವವಿದ್ಯಾನಿಲಯದ ಅಧ್ಯಾಪಕರ ಬೋಧನಶಿಕ್ಷಣ: ಒಂದು ಚಾರಿತ್ರಿಕ ವಿವೇಚನೆ

೧

ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವವನು ಕಲಿಸುವ ಕ್ರಮದಲ್ಲಿ ಶಿಕ್ಷಣ ಪಡೆದಿರಬೇಕೆಂಬ ಅಭಿಪ್ರಾಯವು ನಮ್ಮ ದೇಶದಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ರೂಢಮೂಲವಾಯಿತು. ಹದಿನಾಲ್ಕು ವರ್ಷದ ಹುಡುಗನಿಗೆ ರೇಖಾಗಣಿತವನ್ನು ಹೇಳಿಕೊಡುವವನಿಗೂ ಇದೇ ನಿಯಮವು ಕ್ರಮೇಣ ಅನ್ವಯವಾಯಿತು. ಆದರೆ ಹದಿನೆಂಟು ವರ್ಷದ ತರುಣನ ಮುಂದೆ ನಿಂತು ಅರ್ಥಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಬೋಧಿಸುವವನು ಮಾತ್ರ ತಾನು ಪಡೆದ ಪದವಿಯೊಂದನ್ನೇ ನಂಬಿಕೊಂಡು ತರಗತಿಯನ್ನು ಪ್ರವೇಶಿಸುವುದು ಬಹುಕಾಲ ವಾಡಿಕೆಯಾಗಿ ನಡೆದುಬಂದಿತು. ನಿನ್ನೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದವನು ಇಂದು ಮೇಜಿನ ಹಿಂದೆ ನಿಲ್ಲುತ್ತಾನೆ. ಈ ಎರಡು ಸ್ಥಾನಗಳ ನಡುವೆ ಇರುವ ಅಂತರವು ನಾಲ್ಕು ಹೆಜ್ಜೆಯದಷ್ಟೇ ಎಂದು ಲೋಕವು ಭಾವಿಸಿತು. ಆ ನಾಲ್ಕು ಹೆಜ್ಜೆಗಳಲ್ಲಿ ಅವನು ಏನನ್ನು ಕಲಿಯಬೇಕಾಗಿತ್ತು, ಯಾರು ಕಲಿಸಬೇಕಾಗಿತ್ತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಈ ವೈಪರೀತ್ಯವು ಯಾರೊಬ್ಬರ ಅಲಕ್ಷ್ಯದಿಂದ ಹುಟ್ಟಿದುದಲ್ಲ. ಅದಕ್ಕೆ ಚಾರಿತ್ರಿಕವಾದ ಕಾರಣಗಳಿವೆ. ತರಗತಿಯ ಸ್ವರೂಪವು ಬದಲಾದಾಗಲೆಲ್ಲ ಈ ಪ್ರಶ್ನೆಯು ಮತ್ತೆ ಮತ್ತೆ ತಲೆದೋರಿದೆ. ಪ್ರತಿಯೊಂದು ಸಲವೂ ಅದಕ್ಕೆ ಒಂದೊಂದು ಉತ್ತರವನ್ನು ಕೊಡಲು ಪ್ರಯತ್ನ ನಡೆದಿದೆ. ಆ ಪ್ರಯತ್ನಗಳ ಪರಂಪರೆಯನ್ನು, ವಿಶೇಷವಾಗಿ ಕನ್ನಡ ನಾಡಿನ ಅನುಭವವನ್ನು ಮುಂದಿಟ್ಟುಕೊಂಡು, ಸಂಗ್ರಹವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಒಂದು ಮಾತನ್ನು ಜ್ಞಾಪಿಸಿಕೊಳ್ಳುವುದು ಉಚಿತ. ಬಲ್ಲವನೆಲ್ಲ ಬೋಧಿಸಬಲ್ಲನೆಂಬ ನಂಬಿಕೆಯು ನಮ್ಮ ಪೂರ್ವಿಕರದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಹಿರಿಯರು ಯಾರೆಂಬ ವಿವಾದ ಬಂದಾಗ, ಪರಿವ್ರಾಜಿಕೆಯು ವಿದ್ಯೆಯು ತನ್ನಲ್ಲಿ ನೆಲೆಗೊಂಡಿರುವುದು ಬೇರೆ, ಅದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಶಕ್ತಿ ಬೇರೆ ಎಂದು ವಿಂಗಡಿಸಿ, ಎರಡೂ ಉಳ್ಳವನನ್ನೇ ಶಿಕ್ಷಕರ ಮುಂದಲೆಯಲ್ಲಿ ನಿಲ್ಲಿಸಬೇಕೆಂದು ತೀರ್ಪು ಕೊಡುತ್ತಾಳೆ. ಆಚಾರ್ಯರ ಯೋಗ್ಯತೆಯನ್ನು ಶಿಷ್ಯೆಯ ನೃತ್ಯದಿಂದ ಅಳೆಯಲಾಗುವುದೂ ಆ ಸಂದರ್ಭದಲ್ಲಿಯೇ. ಇಷ್ಟು ಹಳೆಯದಾದ ಈ ವಿವೇಕವು ನಮ್ಮ ಆಧುನಿಕ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಹೊರಗುಳಿದುದು ಹೇಗೆ?

೨

ಉತ್ತರವನ್ನು ೧೮೫೭ರಲ್ಲಿ ಹುಡುಕಬೇಕು. ೧೮೫೪ರ ಉಡ್ ಸಾಹೇಬರ ಶಿಕ್ಷಣಪತ್ರವನ್ನು ಅನುಸರಿಸಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾನಿಲಯಗಳಿಗೆ ಆಗಿನ ಲಂಡನ್ ವಿಶ್ವವಿದ್ಯಾನಿಲಯವು ಮಾದರಿಯಾಗಿತ್ತು. ಅವು ಕಲಿಸುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ಮಾಡಿ ಪದವಿ ಕೊಡುವ ಸಂಸ್ಥೆಗಳಾಗಿದ್ದುವು. ಪಾಠ ಹೇಳುವ ಹೊಣೆಯು ದೂರದೂರದ ಕಾಲೇಜುಗಳದು. ಫಲವನ್ನು ತೂಗುವ ಕೆಲಸ ವಿಶ್ವವಿದ್ಯಾನಿಲಯದ್ದು. ಪರೀಕ್ಷೆಯೇ ವಿದ್ಯೆಯ ಅಳತೆಗೋಲಾದ ಮೇಲೆ ಅಧ್ಯಾಪಕನ ಕುಶಲತೆಯನ್ನು ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯವೇ ಯಾರಿಗೂ ತೋರಲಿಲ್ಲ. ವಿದ್ಯಾರ್ಥಿಯು ಉತ್ತೀರ್ಣನಾದರೆ ಪಾಠವು ಸರಿಯಾಗಿತ್ತು. ಅನುತ್ತೀರ್ಣನಾದರೆ ದೋಷವು ವಿದ್ಯಾರ್ಥಿಯದು.

೧೯೦೪ರಲ್ಲಿ ಅಂಗೀಕೃತವಾದ ಭಾರತೀಯ ವಿಶ್ವವಿದ್ಯಾನಿಲಯಗಳ ಶಾಸನವು ಈ ಸಂಸ್ಥೆಗಳಿಗೆ ತಾವೇ ಪ್ರಾಧ್ಯಾಪಕರನ್ನು ನೇಮಿಸಿ ಬೋಧಿಸುವ ಅಧಿಕಾರವನ್ನು ಕೊಟ್ಟಿತು. ಅದೇ ವರ್ಷ ಕರ್ಜನ್ ಪ್ರಭುಗಳ ಸರಕಾರವು ಹೊರಡಿಸಿದ ಶಿಕ್ಷಣನಿರ್ಣಯವು ಹೈಸ್ಕೂಲುಗಳ ಬೋಧನೆಯು ಉತ್ತಮಗೊಳ್ಳಬೇಕಾದರೆ ಉಪಾಧ್ಯಾಯರಿಗೆ ಬೋಧನಕಲೆಯಲ್ಲಿ ಶಿಕ್ಷಣವು ಅತ್ಯಾವಶ್ಯಕವೆಂದು ಸಾರಿತು. ೧೯೧೩ರ ನಿರ್ಣಯವು ಇನ್ನೂ ಮುಂದೆ ಹೋಗಿ, ಯೋಗ್ಯತಾಪತ್ರವಿಲ್ಲದ ಯಾರಿಗೂ ಮುಂದೆ ಕಲಿಸುವ ಅವಕಾಶವಿರಕೂಡದೆಂಬ ಆದರ್ಶವನ್ನು ಪ್ರಕಟಿಸಿತು. ಎಲ್. ಟಿ., ಬಿ. ಟಿ. ಮೊದಲಾದ ಪದವಿಗಳು ಬೆಳೆದುದು ಈ ಹಿನ್ನೆಲೆಯಲ್ಲಿ. ಆದರೆ ಈ ಎರಡು ನಿರ್ಣಯಗಳ ದೃಷ್ಟಿಯೂ ಶಾಲೆಯ ಹೊಸ್ತಿಲಲ್ಲಿಯೇ ನಿಂತಿತು. ಶಾಲೆಯಲ್ಲಿರುವವರು ಮಕ್ಕಳು, ಅವರಿಗೆ ಕಲಿಸುವ ವಿಧಾನವನ್ನು ಅಭ್ಯಾಸಮಾಡಬೇಕು. ಕಾಲೇಜಿನಲ್ಲಿರುವವರು ಪ್ರೌಢರು, ಅವರು ತಾವೇ ಕಲಿತುಕೊಳ್ಳುವರು, ಅವರಿಗೆ ವಿದ್ವಾಂಸನ ಸಾನ್ನಿಧ್ಯವೊಂದೇ ಸಾಕು—ಇದು ಆ ಕಾಲದ ಗೃಹೀತಭಾವನೆ. ಆಗ ಕಾಲೇಜನ್ನು ಸೇರುತ್ತಿದ್ದವರು ಅತ್ಯಲ್ಪಸಂಖ್ಯಾತರು. ಬಹುಮಟ್ಟಿಗೆ ಮನೆಯಲ್ಲಿ ಓದುಬರಹದ ಸಂಸ್ಕಾರವಿದ್ದವರು. ಆದುದರಿಂದ ಆ ಭಾವನೆಯ ಲೋಪವು ಬೇಗನೆ ಗೋಚರಿಸಲಿಲ್ಲ.

೩

ಲೋಪವನ್ನು ಮೊದಲು ವಿಸ್ತಾರವಾಗಿ ಎತ್ತಿ ತೋರಿಸಿದುದು ೧೯೧೭ರಿಂದ ೧೯೧೯ರವರೆಗೆ ಕೆಲಸ ಮಾಡಿದ ಕಲ್ಕತ್ತ ವಿಶ್ವವಿದ್ಯಾನಿಲಯದ ವಿಚಾರಣಾ ಸಮಿತಿ. ಮೈಕೇಲ್ ಸ್ಯಾಡ್ಲರ್ ಅವರು ಅದರ ಅಧ್ಯಕ್ಷರು. ಆಶುತೋಷ ಮುಖರ್ಜಿಯವರು ಅದರ ಸದಸ್ಯರಲ್ಲೊಬ್ಬರು. ೧೩ ಸಂಪುಟಗಳಲ್ಲಿ ಪ್ರಕಟವಾದ ಆ ವರದಿಯು ಕಾಲೇಜು ತರಗತಿಯ ಒಳಗಿನ ಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ನಿರೂಪಿಸಿತು. ತುಂಬಿದ ಕೊಠಡಿಗಳು, ಉಪನ್ಯಾಸಗಳ ಅತಿಶಯ, ಪರೀಕ್ಷೆಯ ಪ್ರಭುತ್ವ, ಅಧ್ಯಾಪಕನಿಗೂ ವಿದ್ಯಾರ್ಥಿಗೂ ನಡುವೆ ವೈಯಕ್ತಿಕವಾದ ಸಂಬಂಧವಿಲ್ಲದಿರುವುದು—ಇವನ್ನೆಲ್ಲ ಅದು ಎತ್ತಿ ತೋರಿಸಿತು. ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣಶಾಸ್ತ್ರದ ವಿಭಾಗಗಳನ್ನು ತೆರೆಯಬೇಕೆಂದೂ ಸೂಚಿಸಿತು. ಆದರೆ ಆ ವಿಭಾಗಗಳು ಮುಂದೆ ತೆರೆದಾಗ ಹೈಸ್ಕೂಲಿನ ಉಪಾಧ್ಯಾಯರನ್ನು ತಯಾರಿಸಿದುವೇ ಹೊರತು ಅದೇ ಕಟ್ಟಡದ ಪಕ್ಕದ ಕೊಠಡಿಯಲ್ಲಿ ಪಾಠ ಹೇಳುತ್ತಿದ್ದ ತಮ್ಮ ಸಹೋದ್ಯೋಗಿಗಳತ್ತ ತಿರುಗಲಿಲ್ಲ. ಇತರರಿಗೆ ಔಷಧವನ್ನು ಹಂಚುವ ವೈದ್ಯನು ತನ್ನ ಮನೆಯ ರೋಗಿಯನ್ನು ನೋಡದೆ ಹೋದಂತೆ ಆಯಿತು.

೪

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಒಂದು ವಿಶೇಷವಾದ ಪರಿಸ್ಥಿತಿಯು ಒದಗಿತು. ೧೯೧೬ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಎಚ್. ವಿ. ನಂಜುಂಡಯ್ಯನವರು ಅದರ ಪ್ರಥಮ ಉಪಕುಲಪತಿಗಳು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು—ಅದುವರೆಗೆ ಮದರಾಸಿಗೆ ಸೇರಿದ್ದ ಈ ಎರಡು ಕಾಲೇಜುಗಳು ಅದರ ಆಧಾರಸ್ತಂಭಗಳಾದುವು.

ಅಲ್ಲಿಯ ಅಧ್ಯಾಪಕರ ಎದುರಿಗೆ ಬಂದ ಸಮಸ್ಯೆ ಭಾಷೆಯದು. ಅವರು ಕಲಿತುದೆಲ್ಲ ಇಂಗ್ಲಿಷಿನಲ್ಲಿ, ಕಲಿಸಬೇಕಾದುದೂ ಇಂಗ್ಲಿಷಿನಲ್ಲಿಯೇ. ಆದರೆ ಎದುರಿಗೆ ಕುಳಿತವರ ಮನಸ್ಸು ಕನ್ನಡದಲ್ಲಿ ಬೆಳೆದದ್ದು. ತಾನು ಹೇಳಿದುದು ವಿದ್ಯಾರ್ಥಿಯ ಟಿಪ್ಪಣಿಪುಸ್ತಕಕ್ಕೆ ಹೋಯಿತೇ, ಬುದ್ಧಿಗೆ ಹೋಯಿತೇ ಎಂಬ ಸಂದೇಹವು ಮನಸ್ಸಾಕ್ಷಿಯುಳ್ಳ ಯಾವ ಅಧ್ಯಾಪಕನನ್ನೂ ಬಾಧಿಸದಿರದು. ವಿಜ್ಞಾನದ ಒಂದು ಸಾಮಾನ್ಯವಾದ ತತ್ತ್ವವನ್ನು ಸ್ವಭಾಷೆಯಲ್ಲಿ ವಿವರಿಸಲು ಹೊರಟರೆ ವಿದ್ವಾಂಸನಿಗೇ ಮಾತು ತಡವರಿಸುತ್ತಿತ್ತು. ಆಗ ಅವನಿಗೆ ತಾನೂ ಆ ವಿಷಯವನ್ನು ಪೂರ್ತಿಯಾಗಿ ಗ್ರಹಿಸಿಲ್ಲವೆಂಬ ಅರಿವು ಹುಟ್ಟುತ್ತಿತ್ತು. ಬೋಧನೆಯ ಶಿಕ್ಷಣವು ಆರಂಭವಾಗುವುದು ಇಂಥ ಅರಿವಿನಿಂದಲೇ.

ಈ ಅರಿವಿಗೆ ಒಳಪಟ್ಟವರು ಮಾಡಿದ ಕೆಲಸವು ಯಾವ ಸರಕಾರದ ಆಜ್ಞೆಯಿಂದಲೂ ನಡೆಯಲಿಲ್ಲ. ೧೯೧೧ರಲ್ಲಿ, ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ, ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ದೀರ್ಘಾಯುವಾಗಲಿಲ್ಲ. ಆದರೂ ಭೌತ, ರಸಾಯನ, ಜೀವಶಾಸ್ತ್ರಗಳ ವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಮರುವರ್ಷ, ೧೯೧೯ರಲ್ಲಿ, ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದ ಫಲವಾಗಿ, ‘ಪ್ರಬುದ್ಧ ಕರ್ಣಾಟಕ’ವು ಹುಟ್ಟಿತು. ಈ ಕೆಲಸಗಳನ್ನು ನಾವು ಸಾಮಾನ್ಯವಾಗಿ ಭಾಷಾಸೇವೆಯೆಂದು ಕೊಂಡಾಡುತ್ತೇವೆ. ಅವು ಭಾಷಾಸೇವೆಯೇ ಹೌದು. ಆದರೆ ಇನ್ನೊಂದು ದೃಷ್ಟಿಯಿಂದ ನೋಡಿದರೆ ಅವು ಅಧ್ಯಾಪಕರು ತಮಗೆ ತಾವೇ ಕೊಟ್ಟುಕೊಂಡ ಶಿಕ್ಷಣವೂ ಆಗಿರುತ್ತವೆ. ವಿಷಯವನ್ನು ಅರಿಯದವನಿಗೆ ಅರಿಯುವಂತೆ ಬರೆಯುವ ಅಭ್ಯಾಸ, ಸಹೋದ್ಯೋಗಿಯ ವಿಮರ್ಶೆಗೆ ತನ್ನ ಬರವಣಿಗೆಯನ್ನು ಒಡ್ಡುವ ಅಭ್ಯಾಸ, ಒಂದು ಪಾರಿಭಾಷಿಕ ಶಬ್ದಕ್ಕಾಗಿ ಸಂಸ್ಕೃತಪಂಡಿತನನ್ನೂ ಹಳ್ಳಿಯ ಕಮ್ಮಾರನನ್ನೂ ಸಮನಾಗಿ ವಿಚಾರಿಸುವ ವಿನಯ—ಇವು ಮೂರೂ ಒಳ್ಳೆಯ ಬೋಧಕನ ಲಕ್ಷಣಗಳೇ ಅಲ್ಲವೇ?

ಇದರ ಫಲವು ಕ್ರಮೇಣ ಸಂಸ್ಥೆಯ ರೂಪವನ್ನು ತಾಳಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೦ರ ದಶಕದ ಉತ್ತರಾರ್ಧದಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾಯಿತು, ೧೯೨೯ರಲ್ಲಿ ಕುವೆಂಪುರವರು ಆ ಪದವಿಯನ್ನು ಪಡೆದರು. ೧೯೩೦ರ ದಶಕದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಡುವ ಏರ್ಪಾಡು ನಡೆದು, ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ದೊರೆತುವು. ೧೯೪೬ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು. ತಾಲ್ಲೂಕು ಕೇಂದ್ರದ ಒಂದು ಸಭೆಯಲ್ಲಿ ರೈತರೂ ವ್ಯಾಪಾರಿಗಳೂ ಕುಳಿತಿರುವಾಗ ಗ್ರಹಣವನ್ನೋ ಸಹಕಾರಸಂಘವನ್ನೋ ವಿವರಿಸಬೇಕಾದ ಅಧ್ಯಾಪಕನಿಗೆ ತರಗತಿಯ ನಾಲ್ಕು ಗೋಡೆಗಳೊಳಗೆ ದೊರೆಯದ ಪರೀಕ್ಷೆಯೊಂದು ಅಲ್ಲಿ ದೊರೆಯುತ್ತಿತ್ತು. ಅಲ್ಲಿ ಹಾಜರಿಪಟ್ಟಿಯ ಬಲವಿಲ್ಲ. ತಿಳಿಯದಿದ್ದರೆ ಜನ ಎದ್ದು ಹೋಗುವರು.

ಮುಂದೆ ೧೯೫೬ರಿಂದ ೧೯೬೦ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪುರವರು ಇಂಗ್ಲಿಷಿನ ಜತೆಯಲ್ಲಿ ಕನ್ನಡವೂ ಬೋಧನಮಾಧ್ಯಮವಾಗಬೇಕೆಂದು ಪಟ್ಟು ಹಿಡಿದಾಗ, ಕನ್ನಡದಲ್ಲಿ ಪಾಠ ಹೇಳಲು ಸಾಧ್ಯವಿಲ್ಲವೆಂಬ ಆಕ್ಷೇಪಣೆಗೆ ಉತ್ತರವಾಗಿ ನಿಂತುದು ಹಿಂದಿನ ನಲವತ್ತು ವರ್ಷಗಳ ಈ ದುಡಿಮೆಯೇ. ಆದರೆ ಇಲ್ಲಿಯೇ ಒಂದು ಕೊರತೆಯನ್ನೂ ಹೇಳಬೇಕು. ದುಡಿದವರು ಕೆಲವರು, ಕೆಲಸ ಮಾಡಬೇಕಾದವರು ಹಲವರು. ಸ್ವಪ್ರೇರಣೆಯಿಂದ ಕಲಿತ ಅಧ್ಯಾಪಕನು ನಿವೃತ್ತನಾದಾಗ ಅವನ ಕೌಶಲವೂ ಅವನೊಡನೆ ಮನೆಗೆ ಹೋಯಿತು. ಅದನ್ನು ಮುಂದಿನವನಿಗೆ ಒಪ್ಪಿಸುವ ಏರ್ಪಾಡು ಇರಲಿಲ್ಲ.

೫

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಇದ್ದ ವಿಶ್ವವಿದ್ಯಾನಿಲಯಗಳು ಸುಮಾರು ೨೦. ಉನ್ನತಶಿಕ್ಷಣವನ್ನು ಸಮಗ್ರವಾಗಿ ವಿಮರ್ಶಿಸಲು ೧೯೪೮ರ ನವಂಬರಿನಲ್ಲಿ ನೇಮಕವಾದ ಆಯೋಗಕ್ಕೆ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಅಧ್ಯಕ್ಷರಾದರು. ಅವರು ೧೯೧೮ರಿಂದ ೧೯೨೧ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರು. ಜಾಕಿರ್ ಹುಸೇನ್, ಮೇಘನಾದ ಸಹಾ, ಲಕ್ಷ್ಮಣಸ್ವಾಮಿ ಮೊದಲಿಯಾರ್ ಮೊದಲಾದವರು ಸದಸ್ಯರಾಗಿದ್ದರು. ೧೯೪೯ರ ಆಗಸ್ಟಿನಲ್ಲಿ ಸಿದ್ಧವಾದ ಆ ವರದಿಯು ಉಪನ್ಯಾಸವೊಂದರಿಂದಲೇ ವಿದ್ಯೆ ಬಾರದೆಂದೂ, ಸಣ್ಣ ಗುಂಪುಗಳ ಪಾಠ, ಗ್ರಂಥಾಲಯದ ಅಭ್ಯಾಸ, ಲಿಖಿತಾಭ್ಯಾಸಗಳು ಅದಕ್ಕೆ ಪೂರಕವಾಗಬೇಕೆಂದೂ ವಿಧಿಸಿತು. ಪರೀಕ್ಷಾದಿನಗಳನ್ನು ಬಿಟ್ಟು ವರ್ಷಕ್ಕೆ ೧೮೦ ದಿನಗಳಾದರೂ ಪಾಠ ನಡೆಯಬೇಕೆಂದು ಗೊತ್ತುಮಾಡಿತು. ಇಂಗ್ಲಿಷಿನ ಸ್ಥಾನದಲ್ಲಿ ದೇಶಭಾಷೆಗಳು ಬರಬೇಕೆಂದು ಹೇಳಿತು. ಹೈಸ್ಕೂಲು ಮತ್ತು ಇಂಟರ್‌ಮೀಡಿಯೆಟ್ ಉಪಾಧ್ಯಾಯರಿಗಾಗಿ ವಿಶ್ವವಿದ್ಯಾನಿಲಯಗಳು ರಜೆಯ ಕಾಲದಲ್ಲಿ ಪುನಶ್ಚೇತನ ತರಗತಿಗಳನ್ನು ನಡೆಸಬೇಕೆಂದೂ ಸಲಹೆಮಾಡಿತು. ಇಲ್ಲಿಯೂ ಹಳೆಯ ಗಡಿರೇಖೆಯು ಕಾಣುತ್ತದೆ: ಕಲಿಯಬೇಕಾದವನು ಶಾಲೆಯ ಉಪಾಧ್ಯಾಯ, ಕಲಿಸಬೇಕಾದವನು ವಿಶ್ವವಿದ್ಯಾನಿಲಯದವನು.

ಆ ಗಡಿಯನ್ನು ಸ್ಪಷ್ಟವಾಗಿ ದಾಟಿದುದು ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ. ೧೯೬೪ರಲ್ಲಿ ನೇಮಕಗೊಂಡು ೧೯೬೬ರ ಜೂನಿನಲ್ಲಿ ವರದಿಯನ್ನೊಪ್ಪಿಸಿದ ಆ ಆಯೋಗವು ಮೂರು ಸಲಹೆಗಳನ್ನು ಮಾಡಿತು. ಹೊಸದಾಗಿ ನೇಮಕವಾದ ಅಧ್ಯಾಪಕನಿಗೆ ಸಂಸ್ಥೆಯ ಪರಿಚಯವಾಗಲು ಸ್ವಲ್ಪ ಕಾಲಾವಕಾಶ ಕೊಡಬೇಕು; ಒಳ್ಳೆಯ ಬೋಧಕರ ತರಗತಿಗಳಲ್ಲಿ ಅವನು ಕುಳಿತು ಕೇಳುವಂತೆ ಪ್ರೋತ್ಸಾಹಿಸಬೇಕು; ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲಿಯೂ ಕ್ರಮಬದ್ಧವಾದ ಪರಿಚಯಶಿಕ್ಷಣವನ್ನು ಏರ್ಪಡಿಸಿ, ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅದಕ್ಕಾಗಿ ಅಧ್ಯಾಪಕರ ಕಾಲೇಜೊಂದನ್ನೇ ಸ್ಥಾಪಿಸಬೇಕು. ಈ ಮೂರರಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಹಣ ಬೇಕಾಗಿರಲಿಲ್ಲ, ಮನಸ್ಸು ಬೇಕಾಗಿತ್ತು. ಮೂರನೆಯದಕ್ಕೆ ಹಣ ಬೇಕಾಗಿತ್ತು. ಇಪ್ಪತ್ತು ವರ್ಷಗಳ ತರುವಾಯ ಕಾರ್ಯಗತವಾದುದು ಮೂರನೆಯದು ಎಂಬುದನ್ನು ವಾಚಕರು ಗಮನಿಸಬೇಕು.

ಈ ನಡುವಿನ ಕಾಲವು ಬರಿದಾಗಿರಲಿಲ್ಲ. ೧೯೬೩ರಿಂದ ವಿಜ್ಞಾನದ ಅಧ್ಯಾಪಕರಿಗಾಗಿ ಅಮೆರಿಕದ ನೆರವಿನೊಡನೆ ಬೇಸಗೆಯ ಶಿಕ್ಷಣಶಿಬಿರಗಳು ನಡೆದುವು. ೧೯೬೮ರ ಸುಮಾರಿಗೆ ವಿಶ್ವವಿದ್ಯಾನಿಲಯದ ಮಟ್ಟದ ಪುಸ್ತಕಗಳನ್ನು ದೇಶಭಾಷೆಗಳಲ್ಲಿ ಸಿದ್ಧಪಡಿಸಲು ಕೇಂದ್ರಸರಕಾರವು ರಾಜ್ಯವೊಂದಕ್ಕೆ ಒಂದು ಕೋಟಿ ರೂಪಾಯಿಗಳವರೆಗಿನ ನೆರವಿನ ಯೋಜನೆಯನ್ನು ಹಾಕಿತು. ಪುಸ್ತಕಗಳು ಅಚ್ಚಾದುವು. ಆದರೆ ಪುಸ್ತಕವನ್ನು ಬರೆಯುವುದಕ್ಕೆ ಹಣವನ್ನು ಕೊಟ್ಟವರು, ಆ ಪುಸ್ತಕವನ್ನು ಹಿಡಿದು ಪಾಠ ಹೇಳಬೇಕಾದವನನ್ನು ಸಿದ್ಧಪಡಿಸುವುದಕ್ಕೆ ಅಷ್ಟೇ ಲಕ್ಷ್ಯವನ್ನು ಕೊಡಲಿಲ್ಲ. ಇಂಗ್ಲಿಷಿನಲ್ಲಿ ಓದಿದ ಅಧ್ಯಾಪಕನು ಕನ್ನಡದ ಪುಸ್ತಕವನ್ನು ತೆರೆದು ಅಲ್ಲಿಯ ಶಬ್ದಗಳನ್ನು ಕಂಡು ಬೆದರಿ, ಕೊನೆಗೆ ಇಂಗ್ಲಿಷ್ ಶಬ್ದಗಳ ನಡುವೆ ಕನ್ನಡದ ವಿಭಕ್ತಿಪ್ರತ್ಯಯಗಳನ್ನು ಪೋಣಿಸಿ ಪಾಠವನ್ನು ಮುಗಿಸುವ ಪದ್ಧತಿಯು ಬೇರೂರಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

೬

೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯ ಫಲವಾಗಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಆಶ್ರಯದಲ್ಲಿ, ೧೯೮೭ರ ಸುಮಾರಿನಿಂದ ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳು ಹುಟ್ಟಿದುವು. ಮೊದಲು ೪೮ ಕಾಲೇಜುಗಳಿಗೆ ಮಂಜೂರಾತಿ ದೊರೆಯಿತು. ನಮ್ಮ ನಾಡಿನಲ್ಲಿ ಮೈಸೂರು, ಬೆಂಗಳೂರು ವಿಶ್ವವಿದ್ಯಾನಿಲಯಗಳು ಈ ಏರ್ಪಾಡಿನಲ್ಲಿ ಸೇರಿದುವು. ಹೊಸಬರಿಗೆ ನಾಲ್ಕು ವಾರಗಳ ಪರಿಚಯಶಿಕ್ಷಣ. ಅನುಭವಸ್ಥರಿಗೆ ಅವರವರ ವಿಷಯದಲ್ಲಿ ಮೂರು ವಾರಗಳ ಪುನಶ್ಚೇತನ ಶಿಕ್ಷಣ. ಪರಿಚಯಶಿಕ್ಷಣದಲ್ಲಿ ನಾಲ್ಕು ಭಾಗಗಳಿದ್ದುವು: ಸಮಾಜ, ಪರಿಸರ, ಅಭಿವೃದ್ಧಿಗಳಿಗೂ ವಿದ್ಯೆಗೂ ಇರುವ ಸಂಬಂಧ, ಶಿಕ್ಷಣತತ್ತ್ವ ಮತ್ತು ಬೋಧನವಿಧಾನ, ಜ್ಞಾನಸಾಧನಗಳ ಪರಿಚಯ, ಆಡಳಿತ ಮತ್ತು ವ್ಯಕ್ತಿತ್ವದ ಬೆಳವಣಿಗೆ. ಮುಂದಿನ ನಿಯಮಾವಳಿಯು ಪರಿಚಯಶಿಕ್ಷಣಕ್ಕೆ ೨೪ ದಿನಗಳಲ್ಲಿ ೧೪೪ ಗಂಟೆಗಳನ್ನೂ, ಪುನಶ್ಚೇತನಕ್ಕೆ ೧೮ ದಿನಗಳಲ್ಲಿ ೧೦೮ ಗಂಟೆಗಳನ್ನೂ ಗೊತ್ತುಮಾಡಿತು.

ಈ ಸಾಧನೆಯನ್ನು ಲಘುವಾಗಿ ಎಣಿಸಲಾಗದು. ಇತರ ದೇಶಗಳ ಸ್ಥಿತಿಯೊಡನೆ ಹೋಲಿಸಿದರೆ ಇದರ ಬೆಲೆಯು ತಿಳಿಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯವು ೧೯೬೨ರಲ್ಲಿಯೇ ಬೋಧನೆಯ ಸುಧಾರಣೆಗಾಗಿ ಒಂದು ಕೇಂದ್ರವನ್ನು ತೆರೆಯಿತೆಂಬುದು ನಿಜ. ಆದರೆ ಅದು ಒಂದು ವಿಶ್ವವಿದ್ಯಾನಿಲಯದ ಸ್ವಂತ ಸಂಸ್ಥೆ. ಬ್ರಿಟನ್ನಿನಲ್ಲಿ ೧೯೬೪ರ ಹೇಲ್ ಸಮಿತಿಯು ಹೊಸ ಅಧ್ಯಾಪಕರಿಗೆ ಬೋಧನೆಯ ಮಾರ್ಗದರ್ಶನವು ಬೇಕೆಂದು ಹೇಳಿದರೂ, ಅದಕ್ಕಾಗಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿದುದು ೧೯೯೭ರ ಡಿಯರಿಂಗ್ ವರದಿಯಾದ ಮೇಲೆ, ೧೯೯೯ರಲ್ಲಿ. ದೇಶವ್ಯಾಪಕವಾದ ಇಂಥ ವ್ಯವಸ್ಥೆಯನ್ನು ನಿರ್ಮಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಒಬ್ಬಂಟಿಯಾಗಿ ಒಂದು ವಿಷಯವನ್ನು ಬೋಧಿಸುತ್ತಿದ್ದವನಿಗೆ ಅದೇ ವಿಷಯದ ನಲವತ್ತು ಮಂದಿ ಸಹೋದ್ಯೋಗಿಗಳೊಡನೆ ಮೂರು ವಾರ ಕಳೆಯುವ ಅವಕಾಶವು ದೊರೆತುದೇ ಒಂದು ಉಪಕಾರ. ಎಷ್ಟೋ ಜನರಿಗೆ ಪಾಠಕ್ಕಿಂತ ಊಟದ ಮನೆಯ ಸಂಭಾಷಣೆಯೇ ಹೆಚ್ಚು ಫಲದಾಯಕವಾಗಿರಬೇಕು.

ಆದರೆ ಇದರೊಡನೆ ಒಂದು ನಿಬಂಧನೆಯೂ ಬಂದಿತು. ವೇತನಶ್ರೇಣಿಯಲ್ಲಿ ಮೇಲಕ್ಕೆ ಹೋಗಬೇಕಾದರೆ ಈ ಶಿಕ್ಷಣಗಳ ಪ್ರಮಾಣಪತ್ರವಿರಬೇಕೆಂದು ವಿಧಿಸಲಾಯಿತು. ವಿಧಿಸಿದವರ ಉದ್ದೇಶವು ಒಳ್ಳೆಯದು. ಇಲ್ಲದಿದ್ದರೆ ಬರುವವರು ಎಷ್ಟು ಮಂದಿಯೆಂಬ ಶಂಕೆಯೂ ನಿರಾಧಾರವಲ್ಲ. ಆದರೆ ೧೮೫೭ರಲ್ಲಿ ವಿದ್ಯಾರ್ಥಿಗೆ ಆದುದು ಇಲ್ಲಿ ಅಧ್ಯಾಪಕನಿಗೆ ಆಯಿತು. ವಿದ್ಯಾರ್ಥಿಯು ವಿದ್ಯೆಗಾಗಿ ಬಾರದೆ ಪದವಿಗಾಗಿ ಬಂದಂತೆ, ಅಧ್ಯಾಪಕನು ಕಲಿಕೆಗಾಗಿ ಬಾರದೆ ಪ್ರಮಾಣಪತ್ರಕ್ಕಾಗಿ ಬರತೊಡಗಿದನು. ಹಾಜರಿಯನ್ನು ಎಣಿಸುವುದು ಸುಲಭ, ಕಲಿಕೆಯನ್ನು ಅಳೆಯುವುದು ಕಷ್ಟ, ಸುಲಭವಾದುದೇ ನಿಯಮವಾಯಿತು. ಶಿಬಿರದಿಂದ ಹಿಂದಿರುಗಿದವನ ತರಗತಿಯಲ್ಲಿ ಏನು ಬದಲಾಯಿತೆಂದು ನೋಡಲು ಯಾರೂ ಹೋಗಲಿಲ್ಲ. ಕಾಳಿದಾಸನ ನಾಟಕದಲ್ಲಿ ಆಚಾರ್ಯರನ್ನು ಅಳೆದುದು ಶಿಷ್ಯೆಯ ನೃತ್ಯದಿಂದ ಎಂಬುದನ್ನು ಇಲ್ಲಿ ಮತ್ತೆ ಸ್ಮರಿಸಬಹುದು.

೧೯೮೯ರಿಂದ ನಡೆದುಬಂದಿರುವ ರಾಷ್ಟ್ರೀಯ ಅರ್ಹತಾಪರೀಕ್ಷೆಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕು. ಅದು ಬಾಗಿಲಲ್ಲಿ ನಿಂತು ಒಳಗೆ ಬರುವವನ ಜ್ಞಾನವನ್ನು ಪರೀಕ್ಷಿಸುತ್ತದೆ. ಒಳಗೆ ಬಂದವನಿಗೆ ದಾರಿ ತೋರಿಸುವುದು ಅದರ ಕೆಲಸವಲ್ಲ.

೭

ಈಚಿನ ಒಂದು ದಶಕದಲ್ಲಿ ಬದಲಾವಣೆಯ ವೇಗವು ಹೆಚ್ಚಿದೆ. ೨೦೧೫ರಲ್ಲಿ ಸ್ಟಾಫ್ ಕಾಲೇಜುಗಳಿಗೆ ‘ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ’ಗಳೆಂಬ ಹೆಸರು ಬಂದಿತು. ೨೦೧೮ರಲ್ಲಿ ‘ಅರ್ಪಿತ್’ ಎಂಬ ಯೋಜನೆಯ ಮೂಲಕ, ೭೫ ಸಂಸ್ಥೆಗಳನ್ನು ಆಧಾರವಾಗಿಟ್ಟುಕೊಂಡು, ಅಧ್ಯಾಪಕರ ಪುನಶ್ಚೇತನ ಪಾಠಗಳು ಅಂತರ್ಜಾಲದಲ್ಲಿ ದೊರೆಯುವಂತಾದುವು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಕಾಲೇಜುಗಳು ಮುಚ್ಚಿದಾಗ, ಕರಿಹಲಗೆಯ ಮುಂದೆ ಮೂವತ್ತು ವರ್ಷ ನಿಂತವರೂ ಒಂದೆರಡು ವಾರಗಳಲ್ಲಿ ಗಾಜಿನ ಫಲಕದ ಮುಂದೆ ಕುಳಿತು ಕಾಣದ ಮುಖಗಳಿಗೆ ಪಾಠ ಹೇಳಬೇಕಾಯಿತು. ಆ ಇಕ್ಕಟ್ಟಿನಲ್ಲಿ ಬಹುಮಂದಿಗೆ ಗುರುವಾದವರು ಅವರವರ ಕಿರಿಯ ಸಹೋದ್ಯೋಗಿಗಳು. ಎಷ್ಟೋ ಕಡೆ ವಿದ್ಯಾರ್ಥಿಗಳು. ಇನ್ನು ಕೆಲವು ಕಡೆ ಮನೆಯ ಮಕ್ಕಳು. ೨೦೨೨ರ ಕೊನೆಯಿಂದ ಪ್ರಬಂಧಗಳನ್ನು ತಾನೇ ರಚಿಸಿಕೊಡುವ ಯಂತ್ರಬುದ್ಧಿಯು ವಿದ್ಯಾರ್ಥಿಯ ಕೈಗೆ ಬಂದಿತು. ಮನೆಯಲ್ಲಿ ಬರೆದು ತಂದ ಉತ್ತರವು ಅವನ ಬುದ್ಧಿಯ ಸಾಕ್ಷಿಯೆಂಬ ಹಳೆಯ ನಂಬಿಕೆಯು ಇದರಿಂದ ಅಲುಗಾಡಿತು.

೨೦೨೩ರ ಸೆಪ್ಟಂಬರ್ ೫ರಂದು ಆರಂಭವಾದ ಮಾಳವೀಯ ಅಧ್ಯಾಪಕ ಶಿಕ್ಷಣಯೋಜನೆಯಲ್ಲಿ ೧೧೧ ಕೇಂದ್ರಗಳನ್ನು ಗೊತ್ತುಮಾಡಲಾಯಿತು. ೨೦೨೧–೨೨ನೆಯ ಸಾಲಿನ ಸರಕಾರಿ ಸಮೀಕ್ಷೆಯಂತೆ ದೇಶದ ಉನ್ನತಶಿಕ್ಷಣದಲ್ಲಿದ್ದ ಅಧ್ಯಾಪಕರು ಸುಮಾರು ೧೫.೯೮ ಲಕ್ಷ, ವಿದ್ಯಾರ್ಥಿಗಳು ಸುಮಾರು ೪.೩೩ ಕೋಟಿ. ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಹಾಕಿ ನೋಡೋಣ. ಒಂದು ಕೇಂದ್ರದ ಪಾಲಿಗೆ ಬರುವ ಅಧ್ಯಾಪಕರು ಸುಮಾರು ೧೪,೪೦೦. ನಲವತ್ತು ಮಂದಿಯ ತಂಡವೊಂದನ್ನು ಎರಡು ವಾರ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವುದಾದರೆ, ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲದೆ ೨೬ ತಂಡಗಳನ್ನು ಮುಗಿಸಿದರೂ, ಪಾಠ ಪಡೆದವರು ೧,೦೪೦. ಎಲ್ಲರ ಸರದಿಯೂ ಒಮ್ಮೆ ಮುಗಿಯಲು ಹದಿಮೂರು ವರ್ಷಗಳಿಗೂ ಮೇಲೆ ಬೇಕು. ಅಷ್ಟರಲ್ಲಿ ಮೊದಲು ಕಲಿತವನ ಪಾಠವು ಹಳತಾಗಿರುವುದು. ಆದುದರಿಂದ ಅಂತರ್ಜಾಲದ ಮೊರೆಹೋಗುವುದು ಅನಿವಾರ್ಯ. ಆದರೆ ದೂರದಿಂದ ಉಪನ್ಯಾಸವನ್ನು ಕೇಳಿಸಿ ಅಧ್ಯಾಪಕನನ್ನು ತಿದ್ದಬಹುದೆಂದು ನಂಬುವುದು, ಉಪನ್ಯಾಸದಿಂದಲೇ ವಿದ್ಯಾರ್ಥಿಗೆ ವಿದ್ಯೆ ಬರುವುದೆಂದು ನಂಬಿದ ಹಳೆಯ ತಪ್ಪನ್ನೇ ಮರಳಿ ಮಾಡಿದಂತೆ.

೮

ಈ ನೂರು ವರ್ಷಗಳ ವೃತ್ತಾಂತದಿಂದ ನಾವು ಗ್ರಹಿಸಬಹುದಾದುದು ಏನು? ವಿದ್ವಜ್ಜನರಲ್ಲಿ ಒಂದು ಪಕ್ಷವು ಬೋಧನೆಯು ಹುಟ್ಟುಗುಣ, ಅದನ್ನು ಕಲಿಸಲಾಗದು ಎಂದು ಈಗಲೂ ವಾದಿಸುವುದುಂಟು. ಮಹಾಬೋಧಕರು ಹುಟ್ಟಿಬರುವರೆಂದು ಒಪ್ಪಿದರೂ, ಹದಿನಾರು ಲಕ್ಷ ಮಂದಿ ಮಹಾಬೋಧಕರು ಏಕಕಾಲದಲ್ಲಿ ಹುಟ್ಟಲಾರರು. ಸಾಧಾರಣನಾದವನು ಕಲಿತು ಉತ್ತಮನಾಗಬೇಕು. ವ್ಯವಸ್ಥೆಯು ಬೇಕಾಗಿರುವುದು ಅವನಿಗಾಗಿಯೇ.

ಮೊದಲನೆಯದಾಗಿ, ಹೊಸ ಸಮಸ್ಯೆಯೆಂದು ನಾವು ಕರೆದುದೆಲ್ಲ ಹೊಸ ವಿದ್ಯಾರ್ಥಿಯೊಡನೆ ಬಂದುದು. ೧೯೧೬ರಲ್ಲಿ ಕನ್ನಡದ ಮನಸ್ಸಿನವನು ಬಂದನು. ೧೯೬೦ರ ದಶಕದಲ್ಲಿ ಹಳ್ಳಿಯ ಹೈಸ್ಕೂಲಿನಿಂದ, ತನ್ನ ವಂಶದಲ್ಲಿ ಮೊದಲ ಬಾರಿಗೆ ಓದಿದವನು ಬಂದನು. ಇಂದು ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡವನು ಬಂದಿದ್ದಾನೆ. ಸಾಧನವನ್ನು ಕುರಿತ ಶಿಕ್ಷಣವು ಸಾಧನದೊಡನೆ ಹಳತಾಗುವುದು. ವಿದ್ಯಾರ್ಥಿಯನ್ನು ಅರಿಯುವ ಶಿಕ್ಷಣವು ಉಳಿಯುವುದು. ಎರಡನೆಯದಾಗಿ, ಬಹುಕಾಲ ಫಲಕೊಟ್ಟ ಪ್ರಯತ್ನವು ಅಧ್ಯಾಪಕರು ತಮ್ಮ ವಿಷಯವನ್ನು ಕೈಯಲ್ಲಿ ಹಿಡಿದು, ತಮ್ಮವರ ನಡುವೆ, ತಮ್ಮ ಊರಿನಲ್ಲಿಯೇ ನಡೆಸಿದುದು; ಅದಕ್ಕೆ ಬಾಳಿಕೆಯನ್ನು ಕೊಡಲಾರದೆ ಹೋದುದು ವ್ಯವಸ್ಥೆಯ ಅಭಾವ. ಬಳಿಕ ವ್ಯವಸ್ಥೆಯು ಬಂದಿತು. ಆಗ ಮೊದಲಿನ ಪ್ರೇರಣೆಯು ಕುಂದಿತು. ಇವೆರಡನ್ನೂ ಕೂಡಿಸುವುದೇ ಉಳಿದಿರುವ ಕೆಲಸ. ಮೂರನೆಯದಾಗಿ, ೧೯೬೬ರಲ್ಲಿ ಕೊಠಾರಿ ಆಯೋಗವು ಹೇಳಿದ ಮೊದಲೆರಡು ಮಾತುಗಳು—ಹೊಸಬನಿಗೆ ಬಿಡುವು, ಹಿರಿಯನ ತರಗತಿಯಲ್ಲಿ ಕುಳಿತು ಕೇಳುವ ಸ್ವಾತಂತ್ರ್ಯ—ಇವುಗಳಿಗೆ ಇಂದಿಗೂ ಯಾವ ಕೇಂದ್ರವೂ ಬೇಕಿಲ್ಲ. ಪ್ರತಿಯೊಂದು ಕಾಲೇಜೂ ನಾಳೆಯಿ೦ದಲೇ ಇವನ್ನು ಆಚರಣೆಗೆ ತರಬಹುದು. ಬೇಕಾಗಿರುವುದು ತನ್ನ ತರಗತಿಯ ಬಾಗಿಲನ್ನು ಸಹೋದ್ಯೋಗಿಗೆ ತೆರೆದಿಡುವ ಧೈರ್ಯ.

ಇಷ್ಟೆಲ್ಲ ವಿಚಾರವು ಏತಕ್ಕೆಂದು ಕೇಳಿದರೆ ತರಗತಿಯ ಕೊನೆಯ ಸಾಲನ್ನು ತೋರಿಸಬೇಕಾಗುತ್ತದೆ. ಕನ್ನಡ ಶಾಲೆಯಲ್ಲಿ ಓದಿ, ಜಾಣನೆನ್ನಿಸಿಕೊಂಡು, ಬಸ್ಸಿನಲ್ಲಿ ಹತ್ತಾರು ಮೈಲಿ ಬಂದು ಅಲ್ಲಿ ಕುಳಿತ ಹುಡುಗನೋ ಹುಡುಗಿಯೋ ಮೊದಲ ತಿಂಗಳಲ್ಲಿ ಪಾಠವು ತಿಳಿಯದೆ ಸುಮ್ಮನಾಗುವುದುಂಟು. ಎರಡನೆಯ ತಿಂಗಳಲ್ಲಿ ತಿಳಿಯದಿರುವುದು ತನ್ನ ದಡ್ಡತನವೆಂದೇ ನಂಬುವುದುಂಟು. ಆ ನಂಬಿಕೆಯು ಒಮ್ಮೆ ನೆಲೆಗೊಂಡರೆ ಯಾವ ಪದವಿಯೂ ಅದನ್ನು ಅಳಿಸಲಾರದು. ಅದು ನೆಲೆಗೊಳ್ಳುವುದಕ್ಕೆ ಮುಂಚೆಯೇ ಗುರುತಿಸಿ, ಪಾಠವನ್ನು ಇನ್ನೊಂದು ಬಗೆಯಲ್ಲಿ ಹೇಳಿನೋಡುವವನು ಅಧ್ಯಾಪಕನು. ಅವನಿಗೆ ಆ ಕಣ್ಣನ್ನೂ ಆ ಬಗೆಯನ್ನೂ ಒದಗಿಸುವುದು ವಿಶ್ವವಿದ್ಯಾನಿಲಯದ ಕರ್ತವ್ಯ. ಈ ಕರ್ತವ್ಯವನ್ನು ನಮ್ಮ ದೇಶವು ನಾಲ್ಕೈದು ಸಲ ಒಪ್ಪಿಕೊಂಡಿದೆಯೆಂದು ಚರಿತ್ರೆಯು ತಿಳಿಸುತ್ತದೆ. ಒಪ್ಪಿಕೊಂಡುದನ್ನು ತರಗತಿಯ ಕೊನೆಯ ಸಾಲಿನವರೆಗೆ ಮುಟ್ಟಿಸುವುದು ಇನ್ನೂ ಉಳಿದಿದೆ.